ವೀಣೆಯ ಕಲಿಕೆಗೆ ನಿತ್ಯದ ಅರ್ಧ ಗಂಟೆ

ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯೆಂಬುದು ಕಳೆದ ದಿನಗಳನ್ನು ನೆನೆದು ಹಿಗ್ಗುವ ಗ್ರಂಥ ಮಾತ್ರವಲ್ಲ. ಮುಂದೆ ಆಗಬೇಕಾದುದನ್ನು ಗುರುಹಿರಿಯರ ಸಮ್ಮುಖದಲ್ಲಿ ಅರಿಕೆ ಮಾಡಿಕೊಳ್ಳುವ ಸಭೆಯೂ ಹೌದು. ಶ್ರೀಮಠದ ನೆರಳಿನಲ್ಲಿ ಬೆಳೆದುಬಂದಿರುವ ನಮ್ಮ ಶಾಲೆಯಲ್ಲಿ ಅನ್ನ ಮತ್ತು ಅಕ್ಷರಗಳ ದಾಸೋಹ ತಡೆಯಿಲ್ಲದೆ ನಡೆಯುತ್ತಿದೆ. ಇವುಗಳೊಡನೆ ನಾದದ ದಾಸೋಹವೂ ಸೇರಲೆಂಬ ಸದಾಶಯದಿಂದ ದಾನಿಮಹಾಶಯರು ಸಂಗೀತದ ಕೊಠಡಿಗೆ ವೀಣೆಗಳನ್ನು ದಯಪಾಲಿಸಿದ್ದಾರೆ. ಅವುಗಳ ಮುಂದೆ ಮೊದಲ ಸಲ ಕುಳಿತ ಮಕ್ಕಳ ಕಣ್ಣುಗಳಲ್ಲಿ ಮೂಡಿದ ಬೆಳಕನ್ನು ನಾನು ಕಂಡಿದ್ದೇನೆ. ಆದರೆ ಆ ಬೆಳಕು ವಾರಕ್ಕೊಮ್ಮೆ 40 ನಿಮಿಷ ಮಾತ್ರ ಬೆಳಗಿ, ಉಳಿದ ದಿನಗಳಲ್ಲಿ ಆರಿರುತ್ತದೆ. ಈ ಏರ್ಪಾಡು ಬದಲಾಗಬೇಕೆಂಬುದೇ ಈ ಲೇಖನದ ಪ್ರಾರ್ಥನೆ.

ನಾನು ವೈಣಿಕನಲ್ಲ, ಕನ್ನಡ ಪಂಡಿತ. ವೀಣೆಯ ವಿಷಯದಲ್ಲಿ ಮಾತನಾಡಲು ನನಗೇನು ಅಧಿಕಾರ ಎಂದು ವಾಚಕರು ಕೇಳಿದರೆ ತಪ್ಪಿಲ್ಲ. ವೀಣೆಯನ್ನು ಕೈಯಲ್ಲಿ ಹಿಡಿದು ಒಮ್ಮೆ ಸೋತವನೆಂಬುದೇ ನನ್ನ ಅಧಿಕಾರ. ಗೆದ್ದವರು ತಮ್ಮ ದಾರಿಯನ್ನು ಹೇಳುತ್ತಾರೆ. ದಾರಿ ಎಲ್ಲಿ ತಪ್ಪುತ್ತದೆಂಬುದನ್ನು ಸೋತವನೂ ಹೇಳಬಲ್ಲ.

ಮೂವತ್ತೈದರ ವಯಸ್ಸಿನಲ್ಲಿ ಬಹುದಿನದ ಆಸೆಯಿಂದ ಒಂದು ವೀಣೆಯನ್ನು ಕೊಂಡೆ. ವಾರದ ದಿನಗಳಲ್ಲಿ ಪಾಠ, ಉತ್ತರಪತ್ರಿಕೆ, ಸಭೆ ಸಮಾರಂಭಗಳ ತರಾತುರಿ. ಆದುದರಿಂದ ಭಾನುವಾರವನ್ನು ಅಭ್ಯಾಸಕ್ಕೆಂದು ಮೀಸಲಿಟ್ಟು ಒಂದೇ ಸಮನೆ ಮೂರು ಗಂಟೆ ಕುಳಿತುಬಿಡುತ್ತಿದ್ದೆ. ಎಡಗೈಯ ತೋರುಬೆರಳು, ನಡುಬೆರಳುಗಳ ತುದಿ ಕೆಂಪೇರಿ ಉರಿಯುತ್ತಿತ್ತು. ಅದು ಮಾಯುವ ಹೊತ್ತಿಗೆ ಮುಂದಿನ ಭಾನುವಾರ. ಅಷ್ಟರಲ್ಲಿ ಕಲಿತದ್ದೂ ಮಾಯವಾಗಿರುತ್ತಿತ್ತು. ಮೂರು ತಿಂಗಳಿಗೆ ವೀಣೆ ಗವಸಿನೊಳಗೆ ಸೇರಿತು. ಆಗ ನಮ್ಮ ಬೀದಿಯಲ್ಲಿದ್ದ ವೃದ್ಧ ವಿದುಷಿಯೊಬ್ಬರು ನನ್ನ ದೂರನ್ನೆಲ್ಲ ಕೇಳಿ ನಗುತ್ತ ಒಂದೇ ಮಾತು ಕೇಳಿದರು: “ಪಂಡಿತರೇ, ನೀವು ಅಮರಕೋಶವನ್ನು ಭಾನುವಾರ ಭಾನುವಾರ ಕಲಿತಿರೇನು?”

ನಾನು ನಿರುತ್ತರನಾದೆ. ಪಾಠಶಾಲೆಯ ದಿನಗಳು ಕಣ್ಣ ಮುಂದೆ ಬಂದವು. ನಸುಕಿನಲ್ಲಿ ಎದ್ದು, ಮೊದಲು ನಿನ್ನೆಯ ಶ್ಲೋಕಗಳು, ಅನಂತರ ಮೊನ್ನೆಯವು, ಕೊನೆಗೆ ಇಂದಿನ ಹೊಸ ನಾಲ್ಕು ಶ್ಲೋಕಗಳು. ಹೊಸದು ಹಿಡಿಯಷ್ಟು, ಹಳೆಯದು ಮೂಟೆಯಷ್ಟು. ಒಂದು ದಿನವೂ ಮೂರು ಗಂಟೆ ಕೂತು ಗಟ್ಟಿಮಾಡಿದ್ದಿಲ್ಲ. ಆದರೆ ಒಂದು ದಿನವೂ ಬಿಟ್ಟದ್ದಿಲ್ಲ. ಅಕ್ಷರವಿದ್ಯೆಗೆ ಸಲ್ಲಿಸಿದ ಈ ಮರ್ಯಾದೆಯನ್ನು ನಾದವಿದ್ಯೆಗೆ ನಾನು ಸಲ್ಲಿಸಿರಲಿಲ್ಲ. ಅಂದಿನಿಂದ ಪ್ರತಿನಿತ್ಯ ಅರ್ಧ ಗಂಟೆಯ ನಿಯಮವನ್ನು ಹಿಡಿದೆ. ವಿದ್ವಾಂಸನಾಗಲಿಲ್ಲ, ನಿಜ, ಆದರೆ ಇಂದು ನಾಲ್ಕಾರು ಗೀತೆಗಳನ್ನೂ ಕೆಲವು ವಚನಗಳನ್ನೂ ನನ್ನ ಮನಸ್ಸಿನ ಸಮಾಧಾನಕ್ಕೆ ನುಡಿಸಿಕೊಳ್ಳಬಲ್ಲೆ.

ಇದು ನನ್ನ ಸ್ವಂತದ ಸೋಲು. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಅದು ಮಗುವೊಂದಕ್ಕೆ ಸಂಬಂಧಿಸಿದ್ದು. ಕೆಲವು ವರ್ಷಗಳ ಹಿಂದೆ ವಾರ್ಷಿಕೋತ್ಸವದ ಸಾಂಸ್ಕೃತಿಕ ಕಾರ್ಯಕ್ರಮದ ಹೊಣೆ ನನ್ನದಾಗಿತ್ತು. ಎಂಟನೆಯ ತರಗತಿಯ ಬಾಲಕಿಯೊಬ್ಬಳಿಗೆ ಹದಿನೈದು ದಿನ ಬೆಳಗು ಬೈಗೂ ಒಂದೇ ಕೃತಿಯನ್ನು ಉರು ಹೊಡೆಸಿ ವೇದಿಕೆಗೆ ಹತ್ತಿಸಿದೆವು. ಸಭೆ ಚಪ್ಪಾಳೆ ತಟ್ಟಿತು. ಪತ್ರಿಕೆಯಲ್ಲಿ ಭಾವಚಿತ್ರ ಬಂತು. ಎರಡು ತಿಂಗಳ ತರುವಾಯ ಶಾಲೆಗೆ ಬಂದ ಹಿರಿಯರೊಬ್ಬರು ಪ್ರೀತಿಯಿಂದ, “ಏನಾದರೂ ನುಡಿಸಮ್ಮಾ” ಎಂದರು. ಮಗುವಿನ ಬೆರಳು ಎರಡು ಸಾಲು ಓಡಿ ನಿಂತುಹೋಯಿತು. ಮುಂದಿನದು ಅವಳಿಗೆ ತೋಚಲಿಲ್ಲ. ಬೇರೆಯದು ಅವಳಿಗೆ ಬಾರದು. ತಲೆ ತಗ್ಗಿಸಿ ಕಣ್ಣೀರಿಟ್ಟಳು. ಅಂದು ನಾಚಬೇಕಾದವನು ನಾನು. ನಾವು ಅವಳಿಗೆ ವೀಣೆಯನ್ನು ಕಲಿಸಿರಲಿಲ್ಲ. ಒಂದು ಸಂಜೆಯ ಅಲಂಕಾರಕ್ಕೆ ಅವಳನ್ನು ಬಳಸಿಕೊಂಡಿದ್ದೆವು. ಅವಳು ಮತ್ತೆ ವೀಣೆಯನ್ನು ಮುಟ್ಟಲಿಲ್ಲವೆಂಬುದನ್ನು ನೆನೆದಾಗಲೆಲ್ಲ ಮನಸ್ಸು ನೋಯುತ್ತದೆ.

ಅಭ್ಯಾಸವೆಂದರೇನು ಎಂಬುದಕ್ಕೆ ನಮ್ಮಲ್ಲಿ ಶಾಸ್ತ್ರವಿಲ್ಲದೆ ಇಲ್ಲ. ಪತಂಜಲಿ ಮಹರ್ಷಿಗಳು ಯೋಗಸೂತ್ರದ ಮೊದಲನೆಯ ಪಾದದಲ್ಲಿ ಅಭ್ಯಾಸವು ನೆಲೆಗೊಳ್ಳಲು ಮೂರು ಲಕ್ಷಣಗಳು ಬೇಕೆನ್ನುತ್ತಾರೆ: ದೀರ್ಘಕಾಲ, ನೈರಂತರ್ಯ, ಸತ್ಕಾರ. ಬಹುಕಾಲ ನಡೆಯಬೇಕು; ನಡುವೆ ಕಡಿಯಬಾರದು; ಆದರದಿಂದ ಕೂಡಿರಬೇಕು. ಅವರು ಹೇಳಿದ್ದು ಚಿತ್ತದ ಸ್ಥೈರ್ಯಕ್ಕಾಗಿ. ಆದರೂ ತಂತಿಯ ಮೇಲೆ ಬೆರಳಿಡುವವನಿಗೂ ಇದಕ್ಕಿಂತ ಉತ್ತಮವಾದ ಸೂತ್ರ ಬೇರೊಂದಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ದಿನಕ್ಕೆ ಇಷ್ಟು ಗಂಟೆಯೆಂಬ ಲೆಕ್ಕ ಆ ಸೂತ್ರದಲ್ಲಿ ಇಲ್ಲವೆಂಬುದು. ನಾವೋ ಗಂಟೆಗಳನ್ನೇ ಎಣಿಸುತ್ತೇವೆ, ದಿನಗಳನ್ನು ಮರೆಯುತ್ತೇವೆ.

ಈ ಮಾತು ನಮ್ಮ ವೀಣೆಗೆ ಮಾತ್ರ ಮೀಸಲಲ್ಲ. ಪರದೇಶದಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಊರಿಗೆ ಬಂದಾಗ, ತಮ್ಮ ಮಗಳು ಹಾರ್ಪ್ ವಾದ್ಯವನ್ನು ಕಲಿಯುತ್ತಿರುವಳೆಂದೂ, ದಿನವೂ ಅಭ್ಯಾಸ ಮಾಡಿದುದನ್ನು ಚಿಕ್ಕ ಪುಸ್ತಕವೊಂದರಲ್ಲಿ ಬರೆದು ಗುರುವಿಗೆ ಒಪ್ಪಿಸಬೇಕೆಂದೂ ಹೇಳಿದರು. ಹಾರ್ಪ್ ಎಂದಾಕ್ಷಣ ಅದು ನಮಗೆ ಸಂಬಂಧಪಡದ ವಾದ್ಯವೆಂದು ತಿಳಿಯಬೇಕಾಗಿಲ್ಲ. ಪ್ರಾಚೀನ ಭಾರತದಲ್ಲಿ ವೀಣೆಯೆಂಬ ಶಬ್ದವು ಬಿಲ್ಲಿನಂತೆ ಬಾಗಿದ, ಸ್ವರಕ್ಕೊಂದರಂತೆ ತಂತಿಯುಳ್ಳ ವಾದ್ಯಕ್ಕೂ ಸಲ್ಲುತ್ತಿತ್ತು. ನಾಟ್ಯಶಾಸ್ತ್ರವು 7 ತಂತಿಗಳ ಚಿತ್ರಾ, 9 ತಂತಿಗಳ ವಿಪಂಚೀ ಎಂಬ ವೀಣೆಗಳನ್ನು ಹೇಳುತ್ತದೆ. ನಾಲ್ಕನೆಯ ಶತಮಾನದ ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿ ಚಕ್ರವರ್ತಿಯು ನುಡಿಸುತ್ತ ಕುಳಿತಿರುವುದು ಈ ಬಗೆಯ ಬಾಗುವೀಣೆಯನ್ನೇ. ಬರ್ಮಾ ದೇಶದಲ್ಲಿ ಆ ಜಾತಿಯ ವಾದ್ಯ ಇಂದಿಗೂ ಜೀವಂತವಾಗಿದೆ. ಪಶ್ಚಿಮದ ದೊಡ್ಡ ಹಾರ್ಪಿಗೆ 47 ತಂತಿಗಳು, 7 ಕಾಲೊತ್ತುಗಳು; ಎರಡು ಕೈಗಳ ಕಿರುಬೆರಳುಗಳನ್ನು ಬಿಟ್ಟು ಉಳಿದ ಎಂಟು ಬೆರಳುಗಳಿಂದ ನುಡಿಸಬೇಕು. ಅಲ್ಲಿ ಸ್ವರಕ್ಕೊಂದು ತಂತಿ. ನಮ್ಮಲ್ಲಿ ಒಂದೇ ತಂತಿಯಲ್ಲಿ ಮೆಟ್ಟುಗಳ ಮೂಲಕ, ತಂತಿಯ ಎಳೆತದ ಮೂಲಕ ಸ್ವರಗಳು ಹುಟ್ಟಬೇಕು. ವಾದ್ಯ ಬೇರೆ, ಕೈ ಬೇರೆ. ಆದರೆ ಶ್ರುತಿ ಕೂಡಿಸಿ, ನಿಧಾನವಾಗಿ, ದಿನವೂ ಸ್ವಲ್ಪ ಸ್ವಲ್ಪ ಎಂಬ ನಿಯಮ ಎರಡಕ್ಕೂ ಒಂದೇ.

ಹೊಸ ಕಾಲದ ಮನಶ್ಶಾಸ್ತ್ರವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಕಂಠಪಾಠ ಮಾಡಿ ನೋಡಿ, 1885ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎರಡು ಸಂಗತಿಗಳನ್ನು ತೋರಿಸಿಕೊಟ್ಟನು. ಕಲಿತ ಕೂಡಲೇ ಮರೆವು ಅತಿ ವೇಗವಾಗಿ ಬರುತ್ತದೆ. ಒಂದೇ ದಿನ ಮಾಡುವ ಆವೃತ್ತಿಗಳನ್ನು ಹಲವು ದಿನಗಳಿಗೆ ಹಂಚಿಕೊಂಡರೆ ಕಲಿತದ್ದು ಹೆಚ್ಚು ನಿಲ್ಲುತ್ತದೆ. 1993ರಲ್ಲಿ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೆ ಬಂದವರು ಏಕಾಂತದ ಅಭ್ಯಾಸದಲ್ಲಿ ವರ್ಷವರ್ಷಗಳಿಂದ ಹೆಚ್ಚು ಹೊತ್ತನ್ನು ಕೂಡಿಸಿಕೊಂಡಿದ್ದರೆಂದೂ, ನಡುನಡುವೆ ವಿಶ್ರಾಂತಿಯನ್ನು ತಪ್ಪಿಸುತ್ತಿರಲಿಲ್ಲವೆಂದೂ ಕಂಡುಬಂದಿತು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂದು ನಮ್ಮ ಅಜ್ಜಿಯರು ಹೇಳಿದ್ದೂ ಇದನ್ನೇ.

ಹಾಗಾದರೆ ಆ ಅರ್ಧ ಗಂಟೆಯನ್ನು ಹೇಗೆ ಬಳಸಬೇಕು? ಅರ್ಥವಿಲ್ಲದೆ ಕಳೆದ ಅರ್ಧ ಗಂಟೆಗಿಂತ ಸುಮ್ಮನೆ ಕುಳಿತ ಅರ್ಧ ಗಂಟೆಯೇ ಮೇಲು. ಆ ವಿದುಷಿಯವರು ನನಗೆ ಹಾಕಿಕೊಟ್ಟ ಕ್ರಮವನ್ನು, ಮಕ್ಕಳಿಗೆ ಹೊಂದುವಂತೆ ಇಲ್ಲಿ ನಿವೇದಿಸುತ್ತೇನೆ.

ಮೊದಲ ಐದು ನಿಮಿಷ ಆಸನಕ್ಕೆ ಮತ್ತು ಶ್ರುತಿಗೆ. ಬೆನ್ನು ನೇರವಾಗಿ, ಕೊಡವು ಬಲಗಡೆ ನೆಲಕ್ಕೆ ಒರಗಿ, ಸೋರೆಯ ಬುರುಡೆ ಎಡತೊಡೆಯ ಮೇಲೆ ನೆಲೆಗೊಳ್ಳಬೇಕು. ಬಳಿಕ ಸಾರಣಿ, ಪಂಚಮ, ಮಂದರ, ಅನುಮಂದರ ಎಂಬ ನಾಲ್ಕು ತಂತಿಗಳನ್ನೂ ಪಕ್ಕದ ಮೂರು ತಾಳದ ತಂತಿಗಳನ್ನೂ ಷಡ್ಜ ಪಂಚಮಗಳಿಗೆ ಕೂಡಿಸಿಕೊಳ್ಳಬೇಕು. ಈ ಹೊತ್ತು ಅಭ್ಯಾಸದ ಪೀಠಿಕೆಯೆಂದು ಹಲವರ ತಿಳಿವಳಿಕೆ. ಇದೇ ಅಭ್ಯಾಸದ ಹೃದಯವೆಂಬುದು ನನ್ನ ಅಭಿಮತ. ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿ, ಎರಡು ನಾದಗಳು ಒಂದಾಗುವ ಕ್ಷಣವನ್ನು ಕಿವಿಯಿಂದ ಹಿಡಿಯಲು ಕಲಿತ ಮಗುವಿಗೆ ಅರ್ಧ ಸಂಗೀತ ಬಂದಂತೆಯೇ. ಈಗ ಮೊಬೈಲಿನಲ್ಲಿ ತಂಬೂರಿಯ ನಾದ ಸುಲಭವಾಗಿ ದೊರೆಯುತ್ತದೆ. ಆಧಾರಕ್ಕೆ ಅದು ಇರಲಿ. ಆದರೆ ತಂತಿ ಸೇರಿತೋ ಇಲ್ಲವೋ ಎಂಬ ತೀರ್ಪು ಮಗುವಿನ ಕಿವಿಯದೇ ಆಗಿರಲಿ.

ಅನಂತರದ ಹತ್ತು ನಿಮಿಷ ವರಸೆಗಳಿಗೆ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆಯು ಗೌರವಿಸುವ ಈ ಪಾಠಕ್ರಮವು ಮಾಯಾಮಾಳವಗೌಳ ರಾಗದಲ್ಲಿದೆ. ಇದೇ ರಾಗ ಏಕೆಂಬುದಕ್ಕೆ ವೀಣೆಯ ದಂಡಿಯೇ ಉತ್ತರ ಹೇಳುತ್ತದೆ. ಸಾರಣಿಯಲ್ಲಿ ಬಿಟ್ಟ ತಂತಿ ಷಡ್ಜ. 1ನೆಯ ಮೆಟ್ಟು ಋಷಭ, 4ನೆಯದು ಗಾಂಧಾರ, 5ನೆಯದು ಮಧ್ಯಮ. ಪಂಚಮವು 7ನೆಯ ಮೆಟ್ಟು. ಅಲ್ಲಿಂದ ಮೊದಲಿನ ಅಂತರಗಳೇ ಮರಳಿ ಬಂದು 8ರಲ್ಲಿ ಧೈವತ, 11ರಲ್ಲಿ ನಿಷಾದ, 12ರಲ್ಲಿ ಮೇಲಿನ ಷಡ್ಜ. ಪೂರ್ವಾಂಗದಲ್ಲಿ ಕಲಿತ ಕೈ ಉತ್ತರಾಂಗದಲ್ಲಿ ಅದೇ ಅಡಿಯನ್ನು ಇಡುತ್ತದೆ. ಹೀಗೆ ಒಮ್ಮೆ ಕಲಿತದ್ದು ಎರಡೆಡೆ ಫಲಿಸುವಂತೆ ಪಾಠವನ್ನು ಆರಿಸಿದ ಪೂರ್ವಿಕರ ಜಾಣ್ಮೆಗೆ ಶಿಕ್ಷಕರಾದ ನಾವು ಕೈಮುಗಿಯಬೇಕು.

ಕನ್ನಡ ಪಂಡಿತನಾದ ನನಗೆ ಈ ವರಸೆಗಳು ವರ್ಣಮಾಲೆಯಂತೆಯೇ ಕಾಣುತ್ತವೆ. ಸರಳಿ ವರಸೆಯು ಕಾಗುಣಿತ. ಒಂದೇ ಸ್ವರವು ಇಮ್ಮಡಿಯಾಗಿ ಬರುವ ಜಂಟಿ ವರಸೆಯು ಸಜಾತೀಯ ಒತ್ತಕ್ಷರ. ಸ್ವರದಿಂದ ಸ್ವರಕ್ಕೆ ಹಾರುವ ದಾಟು ವರಸೆಯು ವಿಜಾತೀಯ ಒತ್ತಕ್ಷರ. ಏಳು ತಾಳಗಳ ಅಲಂಕಾರಗಳು ಛಂದಸ್ಸಿನ ಗಣಗಳು. ಗೀತೆಯೇ ಮೊದಲನೆಯ ವಾಕ್ಯ. ಕಾಗುಣಿತ ತಿದ್ದದ ಮಗುವಿಗೆ ಮಹಾಕಾವ್ಯವನ್ನು ಓದಿಸಲು ಯಾವ ಉಪಾಧ್ಯಾಯನೂ ಹೊರಡುವುದಿಲ್ಲ. ಸರಳಿ ಸರಿಯಾಗದ ಮಗುವಿನಿಂದ ಕೃತಿಯನ್ನು ನುಡಿಸಲು ಮಾತ್ರ ನಾವು ಆತುರಪಡುತ್ತೇವೆ. ಪ್ರತಿ ವರಸೆಯನ್ನೂ ಮೊದಲು ಬಾಯಲ್ಲಿ ಹಾಡಿ, ಕೈಯಲ್ಲಿ ತಾಳ ಹಾಕಿ, ಅನಂತರ ವೀಣೆಯಲ್ಲಿ ಮೀಟಬೇಕು. ಮೂರು ಕಾಲಗಳಲ್ಲಿ ನುಡಿಸಬೇಕೆಂಬುದು ಗುರಿ. ಆದರೆ ಒಂದನೆಯ ಕಾಲದಲ್ಲಿ ಪ್ರತಿ ಸ್ವರವೂ ಸ್ಪಷ್ಟವಾಗಿ ಕೇಳುವವರೆಗೆ ಎರಡನೆಯದಕ್ಕೆ ಹೋಗಕೂಡದು. ವೇಗವು ಸ್ಪಷ್ಟತೆಯ ಹಿಂದೆ ತಾನಾಗಿ ಬರುತ್ತದೆ. ವೇಗದ ಹಿಂದೆ ಸ್ಪಷ್ಟತೆ ಎಂದೂ ಬರುವುದಿಲ್ಲ.

ಮುಂದಿನ ಹತ್ತು ನಿಮಿಷ ಹೊಸ ಪಾಠಕ್ಕೆ. ಇಲ್ಲಿ ಒಂದೇ ಕಟ್ಟಳೆ: ಒಂದು ದಿನಕ್ಕೆ ಒಂದು ಆವರ್ತ. ಗೀತೆಯನ್ನು ಮೊದಲಿನಿಂದ ನುಡಿಸುತ್ತ ಹೋಗಿ, ತಪ್ಪುವಲ್ಲಿ ತಪ್ಪಿ, ಮತ್ತೆ ಮೊದಲಿಗೇ ಬರುವುದು ಮಕ್ಕಳ ಸ್ವಭಾವ. ಇದರಿಂದ ಬರುವ ಭಾಗವೇ ಮತ್ತಷ್ಟು ಬರುತ್ತದೆ. ಬಾರದ ಭಾಗ ಬಾರದೆಯೇ ಉಳಿಯುತ್ತದೆ. ಎಲ್ಲಿ ಬೆರಳು ಎಡವುವುದೋ ಆ ಎರಡು ಮೂರು ಸ್ವರಗಳನ್ನೇ ಬೇರ್ಪಡಿಸಿ, ವೇಗವನ್ನು ಅರ್ಧಕ್ಕೆ ಇಳಿಸಿ, ಐದು ಸಲ ತಪ್ಪಿಲ್ಲದೆ ನುಡಿಸಿದ ಮೇಲೆ ಹಿಂದುಮುಂದಿನ ಸ್ವರಗಳಿಗೆ ಜೋಡಿಸಬೇಕು. ಕೈಗೆ ಸರಿ ತಪ್ಪುಗಳ ವಿವೇಕವಿಲ್ಲ. ಹತ್ತು ಸಲ ತಪ್ಪಾಗಿ ನುಡಿಸಿದರೆ ತಪ್ಪನ್ನೇ ಅದು ಶ್ರದ್ಧೆಯಿಂದ ಕಲಿಯುತ್ತದೆ.

ಕೊನೆಯ ಐದು ನಿಮಿಷ ಹಳೆಯದಕ್ಕೆ. ಬಂದಿರುವ ಗೀತೆಯೊಂದನ್ನೋ ಪ್ರೀತಿಯ ವಚನವೊಂದನ್ನೋ ತಡೆಯಿಲ್ಲದೆ ನುಡಿಸಿ ಮಗು ಏಳಬೇಕು. ಬಾರದ ಪಾಠದ ಬೇಸರದಲ್ಲಿ ಎದ್ದ ಮಗು ಮರುದಿನ ಹಿಂಜರಿಯುತ್ತದೆ. ಬಂದದ್ದರ ಸಂತೋಷದಲ್ಲಿ ಎದ್ದ ಮಗು ಮರುದಿನ ತಾನಾಗಿ ಬರುತ್ತದೆ. ಏಳುವ ಮುನ್ನ ತಂತಿಗಳ ಬೆವರನ್ನು ಒಣಬಟ್ಟೆಯಿಂದ ಒರೆಸಿ, ಗವಸು ಹಾಕಿ, ಅಭ್ಯಾಸದ ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು: ಇಂದು ಏನು ಬಂತು, ಎಲ್ಲಿ ತಡೆಯಿತು. ನಾಳೆಯ ಪಾಠ ಎಲ್ಲಿಂದ ಮೊದಲಾಗಬೇಕೆಂಬುದನ್ನು ಆ ಸಾಲೇ ಹೇಳುತ್ತದೆ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು, ಸಂಗೀತವು ಹುಟ್ಟಿನಿಂದ ಬರಬೇಕು, ಅಭ್ಯಾಸದಿಂದೇನಾದೀತು ಎಂಬುದು. ಹುಟ್ಟಿನ ಪ್ರತಿಭೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಡುತ್ತ ಹಾಡುತ್ತ ರಾಗ ಎಂಬ ಗಾದೆ ಕಟ್ಟಿದ ಜನ ಮೂರ್ಖರಲ್ಲ. ಮೈಸೂರಿನ ವೀಣೆಯ ಪರಂಪರೆಯನ್ನೇ ನೋಡಿ: ವೀಣೆ ಶೇಷಣ್ಣನವರು (1852–1926), ಅವರ ಶಿಷ್ಯರಾದ ವೆಂಕಟಗಿರಿಯಪ್ಪನವರು, ಅವರ ಶಿಷ್ಯರಾದ ದೊರೆಸ್ವಾಮಿ ಅಯ್ಯಂಗಾರರು (1920–1997). ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಆ ನಾದ ಇಳಿದುಬಂದದ್ದು ಗುರುವಿನ ಎದುರು ಕುಳಿತ ದಿನಗಳಿಂದ. ಪ್ರತಿಭೆ ಬೀಜವಾದರೆ ದಿನಚರಿಯೇ ಹೊಲ.

ಎರಡನೆಯದು, ಒಂದನ್ನೇ ಮತ್ತೆ ಮತ್ತೆ ಮಾಡಿದರೆ ಮಕ್ಕಳು ಬೇಸರಪಡುತ್ತಾರೆ, ಇದು ಬರಿಯ ಗಿಳಿಪಾಠವಾಗುತ್ತದೆ ಎಂಬುದು. ಇದರಲ್ಲಿ ಸತ್ಯಾಂಶವಿದೆ. ಕಿವಿಗೊಡದೆ ನೂರು ಸಲ ಮೀಟಿದರೆ ತಂತಿ ಸವೆಯುವುದೇ ಹೊರತು ವಿದ್ಯೆ ಬೆಳೆಯದು. ಅದಕ್ಕಾಗಿಯೇ ಪತಂಜಲಿಗಳು ಸತ್ಕಾರವೆಂಬ ಮೂರನೆಯ ಲಕ್ಷಣವನ್ನು ಸೇರಿಸಿದರು. ಮನಸ್ಸು ಸೋತಾಗ ನಿಲ್ಲಿಸುವುದೂ ಸತ್ಕಾರದ ಒಂದು ಮುಖ. ಭಗವಾನ್ ಬುದ್ಧನು ಅತಿಯಾದ ಸಾಧನೆಯಿಂದ ಬಳಲಿದ ಸೋಣನೆಂಬ ಭಿಕ್ಷುವಿಗೆ ಅವನೇ ಬಲ್ಲ ವೀಣೆಯ ದೃಷ್ಟಾಂತವನ್ನು ಕೊಟ್ಟು, ತಂತಿ ಅತಿಯಾಗಿ ಬಿಗಿದರೂ ಅತಿಯಾಗಿ ಸಡಿಲಿದರೂ ನುಡಿಯದೆಂದು ತಿಳಿಹೇಳಿದನೆಂದು ಪಾಲಿ ಗ್ರಂಥಗಳಲ್ಲಿದೆ. ಮಹಾವಿದ್ವಾಂಸರು ದಿನಕ್ಕೆ ಎಂಟು ಹತ್ತು ಗಂಟೆ ಸಾಧಕ ಮಾಡಿದ ಕಥೆಗಳನ್ನು ಹೇಳಿ ಹತ್ತು ವರ್ಷದ ಮಗುವನ್ನು ಹೆದರಿಸುವುದು ನನಗೆ ಸಮ್ಮತವಲ್ಲ. ಅವರು ಕೂಡ ಒಂದು ಕಾಲಕ್ಕೆ ಅರ್ಧ ಗಂಟೆಯ ಮಕ್ಕಳೇ ಆಗಿದ್ದರು.

ಮೂರನೆಯ ಆಕ್ಷೇಪವೇ ಬಲವಾದದ್ದು: ಪರೀಕ್ಷೆ, ಅಂಕಗಳು, ಫಲಿತಾಂಶ. ಪೋಷಕರ ಆತಂಕ ಸಹಜವಾದುದು. ಬಡತನದ ಮನೆಯಿಂದ ಬಂದ ಮಗುವಿಗೆ ಅಂಕವೇ ಮೆಟ್ಟಿಲೆಂಬುದನ್ನು ಬಲ್ಲೆ. ನಾನೂ ಅದೇ ಮೆಟ್ಟಿಲನ್ನು ಹತ್ತಿದವನು. ಆದರೆ ಪ್ರತಿದಿನ ಒಂದೇ ಹೊತ್ತಿಗೆ ಬಂದು ಕುಳಿತು, ತನ್ನ ತಪ್ಪನ್ನು ತಾನೇ ಕೇಳಿಸಿಕೊಂಡು, ಕೋಪಗೊಳ್ಳದೆ ತಿದ್ದಿಕೊಳ್ಳುವ ಗುಣವು ಗಣಿತಕ್ಕೆ ಬೇಡವೇ? ವ್ಯಾಕರಣಕ್ಕೆ ಬೇಡವೇ? ಇದನ್ನು ವೀಣೆಯಷ್ಟು ನೇರವಾಗಿ ಕಲಿಸುವ ಪಾಠವು ನನಗೆ ತಿಳಿದಿಲ್ಲ. ತಪ್ಪು ಮೆಟ್ಟಿನ ಮೇಲೆ ಬೆರಳಿಟ್ಟರೆ ಗುರುವು ಹೇಳುವ ಮೊದಲೇ ತಂತಿ ಹೇಳುತ್ತದೆ.

ಇಂತಹ ನಿತ್ಯಸಾಧನೆಯಿಂದ ಏನಾಗಬಲ್ಲುದೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು (1867–1930) ಅಂಧ ಬಾಲಕನೊಬ್ಬನ ಕಂಠವನ್ನು ಗುರುತಿಸಿ ಅವನ ಸಂಗೀತ ಶಿಕ್ಷಣಕ್ಕೆ ಆಶ್ರಯವಿತ್ತರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು (1892–1944). ಅವರು ಶಿಷ್ಯರನ್ನು ಕಟ್ಟಿಕೊಂಡು ಊರೂರು ಸಂಚರಿಸುತ್ತಲೇ ಪಾಠ ಹೇಳಿ, ಕೊನೆಗೆ ಗದುಗಿನಲ್ಲಿ ನೆಲೆನಿಂತು ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದರು. ಅವರ ತರುವಾಯ ಪುಟ್ಟರಾಜ ಗವಾಯಿಗಳು (1914–2010) ತಾವೂ ದೃಷ್ಟಿಹೀನರಾಗಿದ್ದು, ಹಲವು ವಾದ್ಯಗಳಲ್ಲಿ ಪರಿಣತಿ ಪಡೆದು, ಅಂಧರೂ ಅನಾಥರೂ ಆದ ಅಸಂಖ್ಯ ಮಕ್ಕಳ ಕೈಗೆ ವಾದ್ಯವನ್ನೂ ಬದುಕಿಗೆ ದಾರಿಯನ್ನೂ ಕೊಟ್ಟರು. ಪುಸ್ತಕವನ್ನು ನೋಡಿ ನುಡಿಸಲಾರದ ಮಕ್ಕಳು ಅಲ್ಲಿ ಕಲಿತದ್ದು ಕೇಳಿ, ಒಪ್ಪಿಸಿ, ಮತ್ತೆ ಕೇಳಿ. ಮಠವು ಆಶ್ರಯವಾದರೆ, ದಿನಚರಿಯು ನಿಯಮವಾದರೆ, ಕಣ್ಣಿಲ್ಲದವರಿಗೂ ಒಲಿದ ವಿದ್ಯೆ ಕಣ್ಣುಳ್ಳ ನಮ್ಮ ಮಕ್ಕಳಿಗೆ ಒಲಿಯದೆ?

ಈಗ ನನ್ನ ಅರಿಕೆಗೆ ಬರುತ್ತೇನೆ. ಶಿಕ್ಷಕ ಬಂಧುಗಳಲ್ಲಿ ಮೊದಲನೆಯ ವಿನಂತಿ: ವೇಳಾಪಟ್ಟಿಯಲ್ಲಿ ವಾರಕ್ಕೊಂದು ಸಂಗೀತದ ಅವಧಿಯ ಜೊತೆಗೆ, ವೀಣೆಯ ಮಕ್ಕಳಿಗೆ ನಿತ್ಯ ಅರ್ಧ ಗಂಟೆಯನ್ನು ಗೊತ್ತುಪಡಿಸಬೇಕು. ಬೆಳಗಿನ ಪ್ರಾರ್ಥನೆಗೆ ಮುಂಚೆ ಎರಡು ಸರದಿ, ಸಂಜೆ ಶಾಲೆ ಬಿಟ್ಟ ಮೇಲೆ ಎರಡು ಸರದಿಯಾದರೆ ಒಂದು ವೀಣೆಯಲ್ಲಿ ನಾಲ್ವರು ಕಲಿಯಬಹುದು. ಆರು ವೀಣೆಗಳಿಂದ 24 ಮಕ್ಕಳು. ಲೆಕ್ಕವನ್ನೂ ನೋಡಿ: ವಾರಕ್ಕೆ 40 ನಿಮಿಷದಂತೆ 35 ವಾರ ನಡೆದರೆ 23 ಗಂಟೆಗಿಂತ ತುಸು ಹೆಚ್ಚು, ದಿನಕ್ಕೆ ಅರ್ಧ ಗಂಟೆಯಂತೆ 200 ದಿನ ನಡೆದರೆ 100 ಗಂಟೆ. ಅದಕ್ಕಿಂತ ಮುಖ್ಯವಾಗಿ, ಮರೆವು ಬಂದು ಕದ ತಟ್ಟುವ ಮೊದಲೇ ಮರುದಿನದ ಪಾಠ ಬಂದಿರುತ್ತದೆ. ವಾರ್ಷಿಕೋತ್ಸವದಲ್ಲಿ ಮಗು ತಾನು ನಿಜವಾಗಿ ಬಲ್ಲುದನ್ನು ಮಾತ್ರ ನುಡಿಸಲಿ. ಅದು ಒಂದು ಸರಳಿ ವರಸೆಯೇ ಆದರೂ ಸರಿ, ಶ್ರುತಿಶುದ್ಧವಾಗಿದ್ದರೆ ನಾವು ಕೈತಟ್ಟೋಣ.

ಹಳೆಯ ವಿದ್ಯಾರ್ಥಿಗಳಲ್ಲಿ ಎರಡನೆಯ ವಿನಂತಿ: ಊರಿನಲ್ಲಿರುವವರು ವಾರಕ್ಕೊಂದು ಸಂಜೆ ಬಂದು ಆ ಮಕ್ಕಳ ಎದುರು ಕುಳಿತು ಕೇಳಿರಿ. ಸಂಗೀತ ತಿಳಿದಿರಬೇಕಾಗಿಲ್ಲ. ಕೇಳುವ ಹಿರಿಯರೊಬ್ಬರಿದ್ದಾರೆಂಬ ಭಾವನೆಯೇ ಮಗುವಿನ ಬೆನ್ನನ್ನು ನೇರ ಮಾಡುತ್ತದೆ.

ದಾನಿಮಹಾಶಯರಲ್ಲಿ ಮೂರನೆಯ ವಿನಂತಿಯನ್ನು ಸಂಕೋಚದಿಂದಲೇ ಮಾಡುತ್ತೇನೆ. ವಾದ್ಯದಾನ ದೊಡ್ಡದು; ಆದರೆ ಅದು ಒಂದು ದಿನದ ದಾನ. ತಂತಿ ತುಕ್ಕು ಹಿಡಿಯುತ್ತದೆ, ತುಂಡಾಗುತ್ತದೆ. ಬೇಸಗೆಯ ಕಾವಿಗೆ ಮೇಣ ಮೆದುವಾಗಿ 24 ಮೆಟ್ಟುಗಳಲ್ಲಿ ಕೆಲವು ಸ್ಥಾನ ತಪ್ಪುತ್ತವೆ. ಅವನ್ನು ಮರಳಿ ಕೂಡಿಸಲು ಕುಶಲಕರ್ಮಿಯನ್ನು ಕರೆಸಬೇಕು. ಬೆಳಿಗ್ಗೆ ಸಂಜೆ ಮಕ್ಕಳ ಬಳಿ ಕುಳಿತುಕೊಳ್ಳುವ ಗುರುವಿಗೆ ಗೌರವಯುತವಾದ ಸಂಬಳ ಬೇಕು. ಸ್ಪರ್ಧೆಯೊಂದರ ತೀರ್ಪುಗಾರನಾಗಿ ಹೋಗಿದ್ದ ಒಂದೆಡೆ, ಗಾಜಿನ ಕಪಾಟಿನೊಳಗೆ ದಾನಿಯ ಹೆಸರು ಕೆತ್ತಿದ ಹಿತ್ತಾಳೆಯ ಫಲಕ ಥಳಥಳಿಸುತ್ತಿತ್ತು; ಅದರ ಹಿಂದಿನ ವೀಣೆಗೆ ಎರಡೇ ತಂತಿಗಳಿದ್ದವು. ಆ ನೋಟ ನಮ್ಮಲ್ಲಿ ಬಾರದಿರಲಿ. ಏಳನೆಯ ವೀಣೆಯನ್ನು ಕೊಡಬೇಕೆಂದಿರುವ ಪುಣ್ಯಾತ್ಮರು, ಇರುವ ಆರು ವೀಣೆಗಳು ಪ್ರತಿನಿತ್ಯ ನುಡಿಯುವಂತೆ ಮಾಡಿದರೆ ಅವರ ಹೆಸರನ್ನು ಫಲಕವಲ್ಲ, ಮಕ್ಕಳ ಕೈ ಉಳಿಸುತ್ತದೆ.

ನಮ್ಮ ಪ್ರಾರ್ಥನಾ ಸಭೆಯಲ್ಲಿ ಮಕ್ಕಳು ಹಾಡುವ ಬಸವಣ್ಣನವರ ವಚನವೊಂದಿದೆ. ತಮ್ಮ ದೇಹವನ್ನೇ ವಾದ್ಯವಾಗಿ ಮಾಡಿಕೊಂಡು ನುಡಿಸೆಂದು ಕೂಡಲಸಂಗಮದೇವನಲ್ಲಿ ಅವರು ಮೊರೆಯಿಡುವ ಆ ವಚನವನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ. ವೀಣೆಯ ಬಿರಡೆಯನ್ನು ತಿರುವಲು ಕಲಿತ ಮೇಲೆಯೇ ಅದರ ಒಳಗುಟ್ಟು ಕೊಂಚ ತೋರಿತೆನ್ನಬೇಕು. ವಾದ್ಯವನ್ನು ದೇವರ ಕೈಗೆ ಒಪ್ಪಿಸುವುದಿರಲಿ, ಮಗುವಿನ ಕೈಗೆ ಕೊಡುವ ಮುಂಚೆಯೂ ಅದನ್ನು ಶ್ರುತಿಗೊಳಿಸಬೇಕು. ನಿನ್ನೆ ಕೂಡಿಸಿದ ಶ್ರುತಿ ಇಂದಿಗೆ ನಿಲ್ಲದು, ಪ್ರತಿದಿನವೂ ಹೊಸದಾಗಿ ಕೂಡಿಸಬೇಕು. ತನುವಿಗೂ ಮನಕ್ಕೂ ಇದೇ ಮಾತು. ನಿತ್ಯ ಪೂಜೆಯನ್ನು ವಾರಕ್ಕೊಮ್ಮೆ ಒಟ್ಟಾಗಿ ಮಾಡಿ ಮುಗಿಸುತ್ತೇವೆಂದು ನಾವು ಯಾರೂ ಹೇಳುವುದಿಲ್ಲ. ನಾದವೂ ಪೂಜೆಯೆಂದು ಬಗೆದರೆ ಅದಕ್ಕೂ ನಿತ್ಯದ ಹೊತ್ತನ್ನು ಮೀಸಲಿಡುವುದು ನಮ್ಮ ಕರ್ತವ್ಯ.

ಮುಂದಿನ ವರ್ಷದ ಸಂಚಿಕೆ ಹೊರಬರುವ ಹೊತ್ತಿಗೆ, ಬೆಳಗಿನ ಪ್ರಾರ್ಥನೆಯ ಗಂಟೆಗೆ ಮುಂಚೆಯೇ ಸಂಗೀತದ ಕೊಠಡಿಯ ಕಿಟಕಿಯಿಂದ ಸರಳಿ ವರಸೆ ಕೇಳಿಬರುವಂತಾಗಲಿ. ಯಾವ ಮಗುವೂ “ಏನಾದರೂ ನುಡಿಸಮ್ಮಾ” ಎಂಬ ಪ್ರೀತಿಯ ಮಾತಿಗೆ ತಲೆ ತಗ್ಗಿಸದಂತಾಗಲಿ ಎಂದು ಪೂಜ್ಯ ಗುರುಗಳ ಪಾದಗಳಲ್ಲಿ ಬೇಡಿಕೊಂಡು ಈ ಅರಿಕೆಯನ್ನು ಮುಗಿಸುತ್ತೇನೆ.